ರಕ್ತದಾನದ ಬಗೆಗಿನ ಅಂಜಿಕೆಗಳು, ತಪ್ಪು ತಿಳಿವಳಿಕೆಗಳು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಗಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕಚೇರಿಯ ದಾರಿ ಬೆಂಗಳೂರಿನತ್ತ ತಿರುಗಿತು. ಆಸ್ಪತ್ರೆಯ ದಾರಿ ಮಾತ್ರ ಇಂದಿಗೂ ಪೂರ್ತಿಯಾಗಿ ತಿರುಗಿಲ್ಲ. ಬೀದರಿನವರಿಗೆ, ಸೇಡಂ, ಗುರುಮಠಕಲ್ ಕಡೆಯವರಿಗೆ, ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆದ್ದರಿಂದ ಉಸ್ಮಾನಿಯಾ ಆಸ್ಪತ್ರೆ, ಪಂಜಾಗುಟ್ಟದ ನಿಮ್ಸ್, ಮಕ್ಕಳ ನಿಲೋಫರ್ ಆಸ್ಪತ್ರೆ, ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಇವುಗಳ ಮೊಗಸಾಲೆಗಳಲ್ಲಿ ನಮ್ಮ ಭಾಷೆ ಕಿವಿಗೆ ಬೀಳುವುದು ಅಪರೂಪವೇನಲ್ಲ.

ಹಾಗೆ ಬಂದವರ ಸಂಗಡ ಸಾಮಾನ್ಯವಾಗಿ ಇರುವವರು ಒಬ್ಬಿಬ್ಬರು: ವಯಸ್ಸಾದ ತಂದೆ, ಇಲ್ಲವೇ ಹೊಲದ ಕೆಲಸ ಬಿಟ್ಟು ಬಂದ ತಮ್ಮ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ, "ಎರಡು ಯೂನಿಟ್ ರಕ್ತ ಬೇಕಾಗಬಹುದು, ನಿಮ್ಮ ಕಡೆಯಿಂದ ದಾನಿಗಳು ಯಾರು?" ಎಂಬ ಪ್ರಶ್ನೆ ಎದುರಾಗುತ್ತದೆ. ಪರಊರಿನಲ್ಲಿ ಅವರಿಗೆ ಯಾರಿದ್ದಾರೆ? ಯಾರದೋ ಮೂಲಕ ಇಲ್ಲಿಯ ಕನ್ನಡಿಗರೊಬ್ಬರ ದೂರವಾಣಿ ಸಂಖ್ಯೆ ದೊರಕುತ್ತದೆ. ಅವರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ ಕರೆ ಮಾಡುತ್ತಾರೆ. ಆಗ ನಾವು ಕೇಳುವ ಉತ್ತರಗಳು ಹೆಚ್ಚುಕಡಿಮೆ ಒಂದೇ ಬಗೆಯವು. "ನನಗೆ ಸೂಜಿ ಕಂಡರಾಗದು", "ನಾವು ಸಸ್ಯಾಹಾರಿಗಳು, ಮೊದಲೇ ರಕ್ತ ಕಡಿಮೆ", "ನನಗೆ ಸಕ್ಕರೆ ಕಾಯಿಲೆಯಿದೆ", "ಮನೆಯಲ್ಲಿ ಒಪ್ಪುವುದಿಲ್ಲ", "ಕೊಟ್ಟದ್ದನ್ನು ಅವರು ಮಾರಿಕೊಳ್ಳುತ್ತಾರಂತೆ". ಇವೆಲ್ಲಕ್ಕಿಂತ ಮೃದುವಾಗಿ ಬರುವ ಉತ್ತರ ಇನ್ನೊಂದು: "ನಮ್ಮವರಿಗೆ ಬೇಕಾದಾಗ ಖಂಡಿತ ಕೊಡುತ್ತೇವೆ." ಕೇಳಲು ಸಜ್ಜನಿಕೆಯ ಮಾತು. ಆದರೆ ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಅಡ್ಡಿ ಮಾಡುತ್ತಿರುವುದು ಇದೇ. ಉಳಿದವನ್ನು ಮೊದಲು ನೋಡಿಕೊಂಡು ಕೊನೆಗೆ ಅದಕ್ಕೆ ಬರೋಣ.

ಎಷ್ಟು ಹೋಗುತ್ತದೆ, ಎಷ್ಟು ದಿನಕ್ಕೆ ಬರುತ್ತದೆ

ಅರವತ್ತು ಕಿಲೋ ತೂಕದ ಗಂಡಸಿನ ಮೈಯಲ್ಲಿ ಸುಮಾರು ನಾಲ್ಕೂವರೆ ಲೀಟರ್ ರಕ್ತವಿರುತ್ತದೆ. ಒಮ್ಮೆ ತೆಗೆದುಕೊಳ್ಳುವುದು 350 ಮಿಲಿಲೀಟರ್, ಇಲ್ಲವೇ 450 ಮಿಲಿಲೀಟರ್. 350ಕ್ಕೆ ದಾನಿಯ ತೂಕ ಕನಿಷ್ಠ 45 ಕಿಲೋ ಇರಬೇಕು. 450ಕ್ಕೆ 55 ಕಿಲೋ ಮೀರಿರಬೇಕು. ಎಂದರೆ ಎಷ್ಟೇ ಹೆಚ್ಚೆಂದರೂ ಹತ್ತರಲ್ಲಿ ಒಂದು ಪಾಲಿನಷ್ಟು. ಈ ಅಳತೆಯನ್ನು ತೂಕಕ್ಕೆ ಕಟ್ಟಿರುವುದೇ ಕೃಶ ದೇಹದವರಿಗೆ ಹೊರೆಯಾಗಬಾರದೆಂದು.

ಹೋದದ್ದು ಮರಳುವ ಬಗೆಯೂ ಒಂದೇ ತೆರನಲ್ಲ. ರಕ್ತದ ನೀರಿನ ಅಂಶವಾದ ಪ್ಲಾಸ್ಮಾ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಕೆಂಪುಕಣಗಳಿಗೆ ನಾಲ್ಕರಿಂದ ಎಂಟು ವಾರ ಬೇಕು. ಕಬ್ಬಿಣದ ಅಂಶ ಎಲ್ಲಕ್ಕಿಂತ ನಿಧಾನ. ಅದಕ್ಕೆ ಕೆಲವು ತಿಂಗಳು ಹಿಡಿಯಬಹುದು. ಒಂದು ಸಲ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕೆಂಬ ನಿಯಮ ಹುಟ್ಟಿದ್ದು ಈ ಲೆಕ್ಕದ ಮೇಲೆ. ಕೆಂಪುಕಣದ ಆಯುಸ್ಸೇ ಸುಮಾರು 120 ದಿನ. ನಾವು ಕೊಟ್ಟರೂ ಕೊಡದಿದ್ದರೂ ದಿನಕ್ಕೆ ನೂರರಲ್ಲಿ ಒಂದು ಪಾಲಿನಷ್ಟು ಕಣಗಳು ಹಳತಾಗಿ ಕಳಚಿಹೋಗುತ್ತವೆ, ಮೂಳೆಯ ಮಜ್ಜೆ ಅಷ್ಟೇ ಹೊಸತನ್ನು ಕಳುಹಿಸುತ್ತದೆ. ತಿಜೋರಿಯಲ್ಲಿಟ್ಟ ಬಂಗಾರದಂತೆ ರಕ್ತವನ್ನು ಮೈಯಲ್ಲಿ ಕೂಡಿಡಲು ಬರುವುದಿಲ್ಲ.

ಕಾಲೇಜಿಗೆ ಹೋಗುವ ಮಗ ಶಿಬಿರಕ್ಕೆ ಹೆಸರು ಕೊಟ್ಟು ಬಂದನೆಂದರೆ ತಾಯಂದಿರು ಹೇಳುವುದುಂಟು: "ಈಗ ಬ್ಯಾಡೋ, ಪರೀಕ್ಷಾ ಬಂದಾವ, ಮೈಯಾಗ ಶಕ್ತಿ ಇರಬೇಕು." ತಾಯಿಯ ಕಳವಳ ಸಹಜವಾದುದು. ಆದರೆ ಆರೋಗ್ಯವಂತ ಯುವಕ ಆ ದಿನ ಆಟದ ಮೈದಾನಕ್ಕಿಳಿಯದೆ, ಭಾರ ಎತ್ತದೆ ಇದ್ದರೆ ಸಾಕು. ಮರುದಿನದಿಂದ ಓದಿಗಾಗಲಿ ಓಡಾಟಕ್ಕಾಗಲಿ ತಡೆಯಿಲ್ಲ. ಹದಿನೆಂಟು ತುಂಬಿದ ಮೇಲೆ ಒಪ್ಪಿಗೆ ಅವನದೇ ಆದರೂ, ಅವ್ವನಿಗೆ ತಿಳಿಸಿ ಹೋಗುವ ಹುಡುಗ ಮುಂದಿನ ಸಲ ಅವಳನ್ನೇ ಜೊತೆಗೆ ಕರೆತರಬಹುದು.

ಇದೇ ಸಂದರ್ಭದಲ್ಲಿ ತಿರುಗುಮುರುಗಾದ ತಪ್ಪು ತಿಳಿವಳಿಕೆಯೊಂದನ್ನೂ ಹೇಳಬೇಕು. ರಕ್ತ ಕೊಟ್ಟರೆ ಕೆಟ್ಟ ರಕ್ತ ಹೋಗಿ ಒಳ್ಳೆಯ ರಕ್ತ ಬರುತ್ತದೆ, ಬೊಜ್ಜು ಕರಗುತ್ತದೆ, ಹೃದಯಾಘಾತವಾಗುವುದಿಲ್ಲ, ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಎಂಬ ಪ್ರಚಾರ ಕರಪತ್ರಗಳಲ್ಲಿ ಕಾಣುತ್ತದೆ. ಮೈಯಲ್ಲಿ ಒಳ್ಳೆಯ ರಕ್ತ, ಕೆಟ್ಟ ರಕ್ತ ಎಂಬ ಎರಡು ಬಗೆಯಿಲ್ಲ. ಉಳಿದ ಭರವಸೆಗಳೂ ಸಾಬೀತಾದವಲ್ಲ. ದಾನಿಗೆ ದೊರೆಯುವ ನಿಜವಾದ ಲಾಭ, ಹಿಮೋಗ್ಲೋಬಿನ್, ರಕ್ತದೊತ್ತಡ, ತೂಕಗಳ ಒಂದು ಸಣ್ಣ ತಪಾಸಣೆ ಪುಕ್ಕಟೆಯಾಗಿ ಆಗುವುದು. ಉಳಿದದ್ದು ಇನ್ನೊಬ್ಬರ ಲಾಭ. ಅದನ್ನು ಹಾಗೆಯೇ ಹೇಳುವುದು ಮರ್ಯಾದೆಯ ಮಾರ್ಗವೆಂದು ನಮಗೆ ತೋರುತ್ತದೆ.

ಸೂಜಿ ಮತ್ತು ತಲೆಸುತ್ತು

ಸೂಜಿಯ ಅಂಜಿಕೆಯನ್ನು ನಗೆಯಾಡಿ ತಳ್ಳಿಹಾಕುವುದು ತಪ್ಪು. ರಕ್ತ ತೆಗೆಯುವ ಸೂಜಿ ಪರೀಕ್ಷೆಗೆ ಚುಚ್ಚುವ ಸೂಜಿಗಿಂತ ದಪ್ಪನಾಗಿಯೇ ಇರುತ್ತದೆ. ತೆಳ್ಳನೆಯದರಲ್ಲಿ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟುವ ಸಂಭವವಿದೆ. ಚುಚ್ಚುವ ಗಳಿಗೆಯಲ್ಲಿ ನೋವಾಗುತ್ತದೆ, ಅದು ಕೆಲವು ಕ್ಷಣಗಳದ್ದು. ಆಮೇಲೆ ಕೈಯಲ್ಲಿ ಮೆತ್ತನೆಯ ಚೆಂಡನ್ನು ಹಿಸುಕುತ್ತ ಮಲಗಿರುವುದು ಐದರಿಂದ ಹತ್ತು ನಿಮಿಷ. ಅರ್ಜಿ ತುಂಬುವುದು, ತಪಾಸಣೆ, ಕೊನೆಯ ವಿಶ್ರಾಂತಿ ಎಲ್ಲ ಸೇರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು.

ತಲೆಸುತ್ತು ಬರುವುದು ಸುಳ್ಳಲ್ಲ. ಕೆಲವರಿಗೆ, ಅದರಲ್ಲೂ ಮೊದಲ ಸಲ ಕೊಡುವ ತರುಣರಿಗೆ, ಬರುತ್ತದೆ. ಆದರೆ ಅದರ ಮುಖ್ಯ ಕಾರಣ ರಕ್ತದ ಕೊರತೆಯಲ್ಲ. ಅಂಜಿಕೆಯಿಂದಲೋ ನೋವಿನಿಂದಲೋ ವೇಗಸ್ ಎಂಬ ನರ ಕೆರಳಿ, ನಾಡಿ ನಿಧಾನವಾಗಿ, ರಕ್ತನಾಳಗಳು ಸಡಿಲಗೊಂಡು, ಮಿದುಳಿಗೆ ಏರುವ ರಕ್ತ ಸ್ವಲ್ಪ ಹೊತ್ತು ತಗ್ಗುತ್ತದೆ. ಸೂಜಿ ಮುಟ್ಟುವ ಮೊದಲೇ, ಪಕ್ಕದ ಮಂಚದವರನ್ನು ನೋಡಿಯೇ ಕುಸಿಯುವವರಿದ್ದಾರೆ ಎಂಬುದೇ ಇದಕ್ಕೆ ಸಾಕ್ಷಿ. ಹೀಗಾದವರನ್ನು ಮಲಗಿಸಿ ಕಾಲನ್ನು ಎತ್ತರಕ್ಕಿಟ್ಟರೆ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತಾರೆ.

ತಡೆಯುವ ಉಪಾಯಗಳು ಸರಳವಾಗಿವೆ. ಕೊಡುವ ಅರ್ಧ ಗಂಟೆ ಮೊದಲು ಸುಮಾರು ಅರ್ಧ ಲೀಟರ್ ನೀರು ಕುಡಿಯಬೇಕು. ಹರಿಯುತ್ತಿರುವಾಗ ತೊಡೆಯ, ಮೀನಖಂಡದ ಸ್ನಾಯುಗಳನ್ನು ಆಗಾಗ ಬಿಗಿಹಿಡಿದು ಬಿಡುತ್ತಿದ್ದರೆ ರಕ್ತ ಮೇಲಕ್ಕೇರುತ್ತದೆ. ಮುಗಿದೊಡನೆ ದಡಕ್ಕನೆ ಏಳಬಾರದು. ಕೊಟ್ಟ ಬಿಸ್ಕತ್ತು, ಹಣ್ಣಿನ ರಸವನ್ನು "ಛೆ, ಬೇಡ ಬಿಡಿ" ಎಂದು ಸಂಕೋಚಪಟ್ಟು ಹಾಗೆಯೇ ಹೊರಟು ಸ್ಕೂಟರ್ ಏರುವುದು ನಮ್ಮವರ ಒಂದು ಕೆಟ್ಟ ಅಭ್ಯಾಸ. ಆ ಹದಿನೈದು ನಿಮಿಷ ಕೂರಿಸುವುದು ಉಪಚಾರಕ್ಕಲ್ಲ, ದಾನಿಯ ಮೇಲೆ ಕಣ್ಣಿಡುವುದಕ್ಕೆ.

ಖಾಲಿ ಹೊಟ್ಟೆಯಲ್ಲಿ ಕೊಡಲೇಬಾರದು. ಹಿಂದಿನ ನಾಲ್ಕು ಗಂಟೆಗಳೊಳಗೆ ಊಟವೋ ತಿಂಡಿಯೋ ಆಗಿರಬೇಕು. ಏಕಾದಶಿ, ಶ್ರಾವಣ ಸೋಮವಾರ, ಶಿವರಾತ್ರಿಗಳಲ್ಲಿ ಉಪವಾಸವಿರುವವರು ಆ ದಿನ ಬಿಟ್ಟು ಮರುದಿನ ಬರುವುದು ಒಳಿತು. ಉಪವಾಸದ ಪುಣ್ಯವನ್ನೂ ರಕ್ತದಾನದ ಪುಣ್ಯವನ್ನೂ ಒಂದೇ ದಿನ ಗಳಿಸುವ ಆತುರ ಬೇಡ. ಹೈದರಾಬಾದಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಕೊಡುವವರು ಬೆಳಗಿನ ಹೊತ್ತನ್ನು ಆರಿಸಿಕೊಳ್ಳಬೇಕು. ಆ ದಿನ ನೀರು, ಮಜ್ಜಿಗೆ ಧಾರಾಳವಾಗಿರಲಿ.

ಸಸ್ಯಾಹಾರ ಮತ್ತು ನಮ್ಮ ಹೆಣ್ಣುಮಕ್ಕಳು

ದಾನಿಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂ ಇರಲೇಬೇಕು. ಬೆರಳ ತುದಿಯ ಒಂದು ಹನಿಯಿಂದ ಅದನ್ನು ನೋಡುತ್ತಾರೆ. ಕೆಲವೆಡೆ ಯಂತ್ರವಿದೆ, ಕೆಲವು ಶಿಬಿರಗಳಲ್ಲಿ ಮೈಲುತುತ್ತದ ನೀಲಿ ದ್ರಾವಣಕ್ಕೆ ಹನಿಯನ್ನು ಬಿಟ್ಟು, ಮುಳುಗಿದರೆ ಸರಿ, ತೇಲಿದರೆ ಸಾಲದು ಎಂದು ತಿಳಿಯುತ್ತಾರೆ. ಈ ಪರೀಕ್ಷೆಯಲ್ಲಿ ಮಾಂಸಾಹಾರಿ, ಸಸ್ಯಾಹಾರಿ ಎಂಬ ಕಾಲಮ್ಮು ಇಲ್ಲ. ಸಸ್ಯಾಹಾರದಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ನಿಧಾನವೆಂಬುದು ನಿಜ. ಆದರೆ ಹತ್ತದೇ ಇಲ್ಲ. ಕಾಳು, ಬೇಳೆ, ಹುರಳಿ, ಎಳ್ಳು, ಸೊಪ್ಪುಗಳ ಜೊತೆಗೆ ನಿಂಬೆರಸವೋ ನೆಲ್ಲಿಕಾಯಿಯೋ ಇದ್ದರೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಚಹಾ ಅದನ್ನು ತಡೆಯುತ್ತವೆ. ಫಿಲ್ಟರ್ ಕಾಫಿಯನ್ನು ಬಿಡಿರೆಂದು ಹೇಳುವ ಧೈರ್ಯ ನಮಗಿಲ್ಲ. ಊಟವಾದ ಒಂದೆರಡು ಗಂಟೆಯ ನಂತರ ಕುಡಿಯಿರೆಂದು ಹೇಳಬಹುದು. ರಾಗಿಯ ಬಗ್ಗೆಯೂ ಒಂದು ಮಾತು: ಅದರ ಹೆಚ್ಚುಗಾರಿಕೆ ಸುಣ್ಣದ ಅಂಶದಲ್ಲಿ. ಕಬ್ಬಿಣಕ್ಕೆಂದು ರಾಗಿಯೊಂದನ್ನೇ ನೆಚ್ಚಿ ಕೂರಬಾರದು.

ಹೆಂಗಸರ ವಿಷಯ ಇದಕ್ಕಿಂತ ಗಂಭೀರವಾದುದು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇದು ಬಡವರ ಮನೆಗಳ ಮಾತು ಮಾತ್ರವಲ್ಲ. ಎಲ್ಲರಿಗೂ ಬಡಿಸಿ ಉಳಿದುದನ್ನು ತಾವುಣ್ಣುವ ಪದ್ಧತಿ ಅನುಕೂಲಸ್ಥರ ಮನೆಗಳಲ್ಲೂ ಇನ್ನೂ ಹೋಗಿಲ್ಲ. ಶಿಬಿರದಲ್ಲಿ "ನಿಮ್ಮದು 10 ಇದೆ, ಈ ಸಲ ಬೇಡ" ಎನ್ನಿಸಿಕೊಂಡ ಮಹಿಳೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಮರಳುತ್ತಾರೆ, ಸಂಗತಿ ಅಲ್ಲಿಗೇ ಮುಗಿಯುತ್ತದೆ. ಅದು ಅಲ್ಲಿಗೆ ಮುಗಿಯಬಾರದು. ಕಾರಣವೇನೆಂದು ವೈದ್ಯರಿಂದ ತಿಳಿದು ಚಿಕಿತ್ಸೆ ಪಡೆಯಬೇಕಾದುದು ಅವರ ಆರೋಗ್ಯಕ್ಕಾಗಿ. ಮುಂದೆ ರಕ್ತ ಕೊಡುವುದು ಬಿಡುವುದು ಎರಡನೆಯ ಮಾತು. ಹಿಮೋಗ್ಲೋಬಿನ್ ಸರಿಯಿರುವ ಹೆಂಗಸರು ಗಂಡಸರಂತೆಯೇ ಕೊಡಬಹುದು. ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯಾಗಿರುವಾಗ, ಹೆರಿಗೆಯಾದ ಒಂದು ವರ್ಷದವರೆಗೆ ಮತ್ತು ಮಗುವಿಗೆ ಹಾಲೂಡುತ್ತಿರುವವರೆಗೆ ಕೊಡಬಾರದು. ಇದರಲ್ಲಿ ಮಡಿ ಮೈಲಿಗೆಯ ಪ್ರಶ್ನೆಯಿಲ್ಲ. ಮೈಗೆ ಆಗಲೇ ಬೇರೆ ಖರ್ಚಿದೆ, ಅಷ್ಟೆ.

ಮಾತ್ರೆ, ವಯಸ್ಸು, ಹಿಂದಿನ ಕಾಯಿಲೆ

ಐವತ್ತರ ಆಚೀಚಿನವರಲ್ಲಿ ಬಹಳ ಮಂದಿ ಸಕ್ಕರೆ, ರಕ್ತದೊತ್ತಡಗಳ ಹೆಸರು ಹೇಳಿ ತಮ್ಮನ್ನು ತಾವೇ ಪಟ್ಟಿಯಿಂದ ತೆಗೆದುಹಾಕಿಕೊಳ್ಳುತ್ತಾರೆ. ರಾಷ್ಟ್ರೀಯ ರಕ್ತ ವರ್ಗಾವಣೆ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಅಷ್ಟು ಕಠಿಣವಾಗಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಕೊಡುವಂತಿಲ್ಲ. ಮಾತ್ರೆಯಲ್ಲಿ ಹತೋಟಿಯಲ್ಲಿದ್ದು, ಕಳೆದ ನಾಲ್ಕು ವಾರಗಳಲ್ಲಿ ಮಾತ್ರೆಯೋ ಅದರ ಪ್ರಮಾಣವೋ ಬದಲಾಗದಿದ್ದರೆ, ಬೇರೆ ತೊಡಕುಗಳಿಲ್ಲದಿದ್ದರೆ ಕೊಡಬಹುದು. ರಕ್ತದೊತ್ತಡದ ಮಾತ್ರೆಗೂ ಇದೇ ಬಗೆಯ ಲೆಕ್ಕ. ಕಡೆಯ ಮಾತು ಅಲ್ಲಿರುವ ವೈದ್ಯರದು; ಅವರು ಬೇಡವೆಂದರೆ ವಾದಿಸಬಾರದು. ನಮ್ಮ ಕೆಲಸ ಹೋಗಿ ಕೇಳುವುದು.

ವಯಸ್ಸು 18ರಿಂದ 65. ಮೊದಲ ಬಾರಿ ಕೊಡುವವರು 60 ದಾಟಿರಬಾರದು. ಆದುದರಿಂದ ನಿವೃತ್ತಿಯ ನಂತರ ನೋಡಿದರಾಯಿತು ಎಂದುಕೊಂಡವರಿಗೆ ಕಾಲ ಹೆಚ್ಚಿಲ್ಲ.

ಕಾಲಾವಧಿಯ ತಡೆಗಳು ಹಲವಿವೆ, ಎಲ್ಲವನ್ನೂ ಇಲ್ಲಿ ಬರೆಯುವುದು ಬೇಡ. ನಮ್ಮ ಮನೆಗಳಿಗೆ ಹೆಚ್ಚು ಸಂಬಂಧಿಸಿದವು ಇವು: ಹಚ್ಚೆ ಹಾಕಿಸಿಕೊಂಡವರು, ಕಿವಿ ಮೂಗು ಚುಚ್ಚಿಸಿಕೊಂಡವರು ಒಂದು ವರ್ಷ ಕಾಯಬೇಕು. ಡೆಂಗಿ ವಾಸಿಯಾದ ಮೇಲೆ ಆರು ತಿಂಗಳು, ಮಲೇರಿಯಾಕ್ಕೆ ಮೂರು ತಿಂಗಳು, ವಿಷಮಜ್ವರಕ್ಕೆ ಒಂದು ವರ್ಷ, ದೊಡ್ಡ ಶಸ್ತ್ರಚಿಕಿತ್ಸೆಗೆ ಒಂದು ವರ್ಷ. ಕಾಮಾಲೆಯಾಗಿದ್ದರೆ ಯಾವ ಬಗೆಯದೆಂಬುದು ಮುಖ್ಯ. ಹೆಪಟೈಟಿಸ್ ಬಿ, ಸಿ ಆಗಿದ್ದವರು ಎಂದಿಗೂ ಕೊಡುವಂತಿಲ್ಲ.

ಸೋಂಕಿನ ಭಯ

ರಕ್ತ ಕೊಟ್ಟರೆ ಎಚ್.ಐ.ವಿ. ಬರಬಹುದೆಂಬ ಅಂಜಿಕೆ ಈಗ ಕಡಿಮೆಯಾಗಿದೆ, ಆದರೂ ಹಿರಿಯರಲ್ಲಿ ಉಳಿದಿದೆ. ಚೀಲ, ಕೊಳವೆ, ಸೂಜಿ ಮೂರೂ ಒಂದಕ್ಕೊಂದು ಅಂಟಿಕೊಂಡೇ ಮೊಹರಾಗಿ ಬರುತ್ತವೆ. ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬಳಕೆಯಾಗುವುದಿಲ್ಲ. ಕೊಡುವವನಿಗೆ ಒಳಗೆ ಬರುವುದು ಏನೂ ಇಲ್ಲ, ಹೊರಗೆ ಹೋಗುವುದಷ್ಟೇ.

ಅಪಾಯವಿರುವುದು ಪಡೆಯುವವನಿಗೆ. ಪ್ರತಿ ಚೀಲದ ರಕ್ತವನ್ನೂ ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೆ ಪರೀಕ್ಷಿಸುವುದು ಕಡ್ಡಾಯ. ಆದರೆ ಸೋಂಕು ತಗುಲಿದ ಮೊದಲ ಕೆಲವು ದಿನ, ಕೆಲವೊಮ್ಮೆ ವಾರಗಳವರೆಗೆ, ಯಾವ ಪರೀಕ್ಷೆಗೂ ಸಿಗದೆ ಅದು ಅಡಗಿರಬಲ್ಲದು. ನ್ಯಾಟ್ ಎಂಬ ಹೊಸ ಪರೀಕ್ಷೆ ಈ ಅವಧಿಯನ್ನು ಕಿರಿದುಗೊಳಿಸಿದೆ, ಇಲ್ಲವಾಗಿಸಿಲ್ಲ. ಆ ಕಿಂಡಿಯನ್ನು ಮುಚ್ಚಬಲ್ಲದ್ದು ಅರ್ಜಿಯ ಪ್ರಶ್ನೆಗಳಿಗೆ ದಾನಿ ಕೊಡುವ ನಿಜವಾದ ಉತ್ತರ. ಅಕ್ಕಪಕ್ಕದಲ್ಲಿ ಪರಿಚಿತರಿದ್ದಾರೆಂದು ಸಂಕೋಚವಾದರೆ ವೈದ್ಯರೊಡನೆ ಒಂಟಿಯಾಗಿ ಮಾತನಾಡಲು ಕೇಳಬಹುದು, ಅಥವಾ ಕೊಡದೆ ಹಿಂದಿರುಗಬಹುದು. ತನಗೆ ಸೋಂಕಿದೆಯೋ ಎಂದು ಪರೀಕ್ಷಿಸಿಕೊಳ್ಳುವ ಉದ್ದೇಶದಿಂದ ರಕ್ತದಾನಕ್ಕೆ ಹೋಗುವುದು ಅಕ್ಷಮ್ಯ.

ಕೊಟ್ಟದ್ದನ್ನು ಮಾರುತ್ತಾರೆಯೇ?

ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ರಕ್ತದ ವ್ಯಾಪಾರ ನಡೆಯುತ್ತಿತ್ತು. ಹಸಿದವರು ಹಣಕ್ಕಾಗಿ ಪದೇ ಪದೇ ರಕ್ತ ಮಾರುತ್ತಿದ್ದರು. ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಜನವರಿ 4ರಂದು ಕೊಟ್ಟ ತೀರ್ಪಿನಿಂದ ಅದಕ್ಕೆ ತೆರೆಬಿತ್ತು. 1998ರ ಜನವರಿ 1ರಿಂದ ಹಣ ಪಡೆದು ರಕ್ತ ಕೊಡುವುದು ನಿಷಿದ್ಧವಾಯಿತು. ಹಾಗಿದ್ದರೆ ರಕ್ತ ಕೇಂದ್ರದವರು ರಸೀದಿ ಹರಿಯುವುದೇಕೆ? ಚೀಲ, ಐದು ಪರೀಕ್ಷೆಗಳು, ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾಗಳನ್ನು ಬೇರ್ಪಡಿಸುವ ಯಂತ್ರ, ಹಗಲಿರುಳು ಓಡುವ ಶೀತಕ, ಸಿಬ್ಬಂದಿಯ ಸಂಬಳ ಇವಕ್ಕೆಲ್ಲ ವೆಚ್ಚವಿದೆ. ಆ ಸಂಸ್ಕರಣಾ ಶುಲ್ಕಕ್ಕೆ 2022ರಲ್ಲಿ ಪರಿಷ್ಕರಿಸಿದ ಮಿತಿ ಇದೆ: ಘಟಕವನ್ನನುಸರಿಸಿ 250 ರೂಪಾಯಿಯಿಂದ 1,550 ರೂಪಾಯಿ. ನ್ಯಾಟ್‌ನಂತಹ ಹೆಚ್ಚಿನ ಪರೀಕ್ಷೆಗೆ ಬೇರೆ ಶುಲ್ಕವಿರಬಹುದು. ಥಲಸೀಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ರೋಗಿಗಳಿಗೆ ಉಚಿತವಾಗಿ ಕೊಡಬೇಕೆಂಬ ನಿಯಮವೂ ಇದೆ. ರಕ್ತ ಮಾರಾಟದ ವಸ್ತುವಲ್ಲ, ಶುಲ್ಕದ ಹೊರತು ಬೇರೇನೂ ಪಡೆಯಬಾರದು ಎಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2023ರ ಕೊನೆಯಲ್ಲಿ ಎಲ್ಲ ರಾಜ್ಯಗಳಿಗೂ ಮತ್ತೊಮ್ಮೆ ಬರೆಯಬೇಕಾಯಿತು. ಬರೆಯಬೇಕಾಯಿತೆಂದರೆ ಮೀರುವವರು ಇದ್ದಾರೆಂದೇ ಅರ್ಥ. ಹೆಚ್ಚು ಕೇಳಿದರೆ ರಸೀದಿ ಕೇಳಿ, ದೂರು ಕೊಡಿ. ಕೆಲವರು ಮೀರುತ್ತಾರೆಂದು ಕೊಡುವುದನ್ನೇ ನಿಲ್ಲಿಸಿದರೆ ನಷ್ಟವಾಗುವುದು ಮಂಚದ ಮೇಲಿರುವವನಿಗೆ.

"ನಮ್ಮವರಿಗೆ ಬೇಕಾದಾಗ ಕೊಡುತ್ತೇವೆ"

ಈಗ ಕೊನೆಗೆ ಉಳಿಸಿಕೊಂಡ ಮಾತು. 2020ರ ಮಾರ್ಚಿಯಲ್ಲಿ ಸರ್ಕಾರ ನಿಯಮ ತಿದ್ದಿ ಬ್ಲಡ್ ಬ್ಯಾಂಕುಗಳಿಗೆ ರಕ್ತ ಕೇಂದ್ರ ಎಂಬ ಹೆಸರು ಕೊಟ್ಟಿತು. ಬ್ಯಾಂಕಿನ ನೌಕರಿಯಲ್ಲಿರುವ ನಮ್ಮಂಥವರಿಗೆ ಅದು ಒಳ್ಳೆಯದೇ ಆಯಿತೆನ್ನಿಸಿತು. ಬ್ಯಾಂಕು ಎಂದೊಡನೆ ನಾವಿಟ್ಟದ್ದು ನಮ್ಮ ಹೆಸರಿನಲ್ಲೇ ಇರುತ್ತದೆ, ಬೇಕಾದಾಗ ತೆಗೆದುಕೊಳ್ಳಬಹುದು ಎಂಬ ಭಾವನೆ ಬರುತ್ತದೆ. ರಕ್ತದ ಠೇವಣಿ ಹಾಗಲ್ಲ. ಕೆಂಪುಕಣಗಳನ್ನು ಎರಡರಿಂದ ಆರು ಡಿಗ್ರಿ ಶೀತದಲ್ಲಿಟ್ಟರೂ, ಬೆರೆಸಿದ ರಕ್ಷಕ ದ್ರಾವಣವನ್ನು ಅನುಸರಿಸಿ 35 ಅಥವಾ 42 ದಿನ ಮಾತ್ರ ಬಾಳುತ್ತವೆ. ಡೆಂಗಿ ಕಾಲದಲ್ಲಿ ಎಲ್ಲರೂ ಹುಡುಕುವ ಪ್ಲೇಟ್‌ಲೆಟ್‌ಗಳ ಆಯುಸ್ಸು ಐದೇ ದಿನ. ಒಂದು ದೊಡ್ಡ ಶಿಬಿರ ಮಾಡಿ ವರ್ಷವಿಡೀ ನಿಶ್ಚಿಂತೆಯಿಂದಿರಲು ಆಗದು. ಕಾಲೇಜುಗಳು ಮುಚ್ಚಿ ಶಿಬಿರಗಳು ನಿಂತುಹೋಗುವ ಬೇಸಿಗೆಯಲ್ಲಿ ಕಪಾಟು ಬರಿದಾಗುತ್ತದೆ.

ಅಪಘಾತವಾಯಿತು, ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಲಿಲ್ಲ ಎಂದಿಟ್ಟುಕೊಳ್ಳಿ. ಕರೆ ಬಂದು, ಮಿಯಾಪುರದಿಂದಲೋ ಎಲ್.ಬಿ. ನಗರದಿಂದಲೋ ನಾವು ಹೊರಟು, ವಾಹನಗಳ ದಟ್ಟಣೆ ದಾಟಿ ತಲುಪಿ, ಅರ್ಜಿ ತುಂಬಿ, ರಕ್ತ ಕೊಟ್ಟು, ಅದರ ಐದು ಪರೀಕ್ಷೆಗಳು ಮುಗಿದು ರೋಗಿಯ ರಕ್ತದೊಡನೆ ಹೊಂದಿಕೆ ನೋಡುವ ಹೊತ್ತಿಗೆ ಹಲವು ಗಂಟೆಗಳು ಕಳೆದಿರುತ್ತವೆ. ಆ ತಾಯಿಗೆ ಅಷ್ಟು ಸಮಯವಿರುವುದಿಲ್ಲ. ಅವಳನ್ನು ಉಳಿಸುವುದು ಹಿಂದಿನ ವಾರ ಯಾರೋ ಅಪರಿಚಿತರು ಕೊಟ್ಟು, ಪರೀಕ್ಷೆಯಾಗಿ ಕಪಾಟಿನಲ್ಲಿ ಸಿದ್ಧವಾಗಿರುವ ಚೀಲ. ನಾವು ಓಡಿಹೋಗಿ ಕೊಡುವುದು ಖಾಲಿಯಾದ ಆ ಜಾಗವನ್ನು ತುಂಬುವುದಕ್ಕೆ. "ಬೇಕಾದಾಗ ಕೊಡುತ್ತೇವೆ" ಎಂದು ಎಲ್ಲರೂ ಕಾಯುತ್ತ ಕುಳಿತರೆ, ಬೇಕಾದ ಗಳಿಗೆಯಲ್ಲಿ ಆ ಚೀಲವೇ ಇರುವುದಿಲ್ಲ.

ಮನೆಯವರ ರಕ್ತವೇ ಎಲ್ಲಕ್ಕಿಂತ ಸುರಕ್ಷಿತ ಎಂಬ ನಂಬಿಕೆಯೂ ಇದರೊಂದಿಗೆ ಬೆರೆತಿದೆ. ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರ ಕಣಗಳು ಒಂದನ್ನೊಂದು ಬಹಳ ಹೋಲುವುದರಿಂದ, ದಾನಿಯ ಬಿಳಿಕಣಗಳನ್ನು ರೋಗಿಯ ಮೈ ಪರಕೀಯವೆಂದು ಗುರುತಿಸದೆ ಬಿಟ್ಟುಕೊಂಡು, ಅವು ಒಳಗೆ ಬೆಳೆದು ರೋಗಿಯ ಅಂಗಾಂಶಗಳ ಮೇಲೆಯೇ ಎರಗುವ ಸ್ಥಿತಿಯೊಂದುಂಟು. ಅದು ವಿರಳ, ಆದರೆ ಬಂದರೆ ಬಹುಮಟ್ಟಿಗೆ ಮಾರಣಾಂತಿಕ. ಆದ್ದರಿಂದ ಹತ್ತಿರದ ರಕ್ತಸಂಬಂಧಿಯ ರಕ್ತವನ್ನು ಕೊಡಲೇಬೇಕಾದರೆ ವಿಕಿರಣಕ್ಕೊಡ್ಡಿ ಕೊಡುತ್ತಾರೆ. ಮುಂದೆ ಮಕ್ಕಳಾಗಬೇಕಾದ ಹೆಂಡತಿಗೆ ಗಂಡನ ರಕ್ತವನ್ನೂ ಆದಷ್ಟು ಕೊಡುವುದಿಲ್ಲ. ಇದಲ್ಲದೆ, ಬಂಧುಗಳ ಒತ್ತಾಯಕ್ಕೆ ಬಂದು ನಿಂತವನು ತನ್ನ ಕಾಯಿಲೆಯನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾನೆ. ಯಾರ ಒತ್ತಾಯವೂ ಇಲ್ಲದೆ, ವರ್ಷಕ್ಕೆ ಎರಡು ಮೂರು ಸಲ ತಾನಾಗಿ ಬರುವ ದಾನಿಯ ರಕ್ತವೇ ಹೆಚ್ಚು ನೆಚ್ಚಿಕೆಯದು ಎಂಬುದು ಎಲ್ಲೆಡೆಯ ಅನುಭವ. ಇನ್ನು "ಯಾರ ರಕ್ತವೋ, ಯಾರಿಗೆ ಹೋಗುತ್ತದೋ" ಎಂಬ ಹಿರಿಯರ ಗೊಣಗಾಟಕ್ಕೆ ಚೀಲದ ಮೇಲಿನ ಚೀಟಿಯೇ ಉತ್ತರ. ಅದರಲ್ಲಿ ಗುಂಪು, ಸಂಖ್ಯೆ, ದಿನಾಂಕಗಳಿರುತ್ತವೆ, ದಾನಿಯ ಹೆಸರಿರುವುದಿಲ್ಲ.

ವಿರಳ ಗುಂಪಿನವರು ಸ್ವಲ್ಪ ಬೇರೆಯಾಗಿ ಯೋಚಿಸಬೇಕು. ನಮ್ಮ ದೇಶದಲ್ಲಿ ನೆಗೆಟಿವ್ ಗುಂಪಿನವರು ನೂರರಲ್ಲಿ ಐದಾರು ಮಂದಿ. ಅದಕ್ಕಿಂತ ಬಹಳ ವಿರಳವಾದ ಗುಂಪೊಂದನ್ನು ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ಮುಂಬಯಿಯಲ್ಲಿ ಕಂಡುಹಿಡಿದರು. ಅದಕ್ಕೆ ಬಾಂಬೆ ಗುಂಪೆಂದೇ ಹೆಸರು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಓ ಗುಂಪಿನಂತೆ ಕಾಣುತ್ತದೆ, ಆದರೆ ಅವರಿಗೆ ಓ ರಕ್ತ ಒಗ್ಗುವುದಿಲ್ಲ. ಇಂಥವರು ಹೆಸರನ್ನು ಕೇಂದ್ರದಲ್ಲಿ ನೋಂದಾಯಿಸಿ, ಕರೆದಾಗ ಹೋಗುವುದು ಸರಿಯಾದ ಕ್ರಮ. ಓ ಪಾಸಿಟಿವ್, ಬಿ ಪಾಸಿಟಿವ್ ಇರುವವರು "ನಮ್ಮದು ಎಲ್ಲರಲ್ಲೂ ಇರುವಂಥದು, ನಮ್ಮದೇಕೆ ಬೇಕು?" ಎನ್ನುತ್ತಾರೆ. ಎಲ್ಲರಲ್ಲೂ ಇರುವುದರಿಂದಲೇ ರೋಗಿಗಳಲ್ಲೂ ಅದೇ ಗುಂಪಿನವರು ಹೆಚ್ಚು.

ನಮ್ಮ ಊರಿನ ಮಕ್ಕಳು

ನಿಯಮಿತವಾಗಿ ಕೊಡುವವರ ಬೆಲೆ ತಿಳಿಯಬೇಕಾದರೆ ಶಿವರಾಂಪಲ್ಲಿಯ ಥಲಸೀಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿಗೆ ಒಮ್ಮೆ ಹೋಗಿಬರಬೇಕು. 1998ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಥಲಸೀಮಿಯಾ ಇರುವ ಮಗುವಿನ ಮೈ ಸರಿಯಾದ ಹಿಮೋಗ್ಲೋಬಿನ್ ತಯಾರಿಸಲಾರದು. ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಅದೂ ವರ್ಷಾನುವರ್ಷ. ಮಗುವಿನ ಅಪ್ಪ ಅಮ್ಮ, ಸೋದರಮಾವ, ಚಿಕ್ಕಪ್ಪ ಎಲ್ಲರೂ ಕೊಟ್ಟರೂ ವರ್ಷದ ಲೆಕ್ಕ ತುಂಬದು. "ನಮ್ಮವರಿಗೆ ಬೇಕಾದಾಗ" ಎಂಬ ಸೂತ್ರ ಇಲ್ಲಿ ಮೊದಲ ತಿಂಗಳುಗಳಲ್ಲೇ ಸೋತುಹೋಗುತ್ತದೆ. 2020ರ ಲಾಕ್‌ಡೌನಿನಲ್ಲಿ ಶಿಬಿರಗಳೆಲ್ಲ ನಿಂತಾಗ ಈ ಮಕ್ಕಳು ಪಟ್ಟ ಪಾಡು ದೊಡ್ಡದು. ಸೈಬರಾಬಾದಿನ ಪೊಲೀಸರೇ ಶಿಬಿರ ನಡೆಸಿ ರಕ್ತ ಕೊಟ್ಟರು. ಮದುವೆಯ ಮಾತುಕತೆ ನಡೆಯುತ್ತಿರುವ ಮನೆಗಳಿಗೆ ಒಂದು ಸೂಚನೆ: ಹುಡುಗ ಹುಡುಗಿ ಇಬ್ಬರೂ ಈ ದೋಷದ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಹಿಮೋಗ್ಲೋಬಿನ್ ಎ2 ಎಂಬ ರಕ್ತಪರೀಕ್ಷೆಯಿಂದ ಅದನ್ನು ಮೊದಲೇ ತಿಳಿಯಬಹುದು. ಜಾತಕದ ಜೊತೆಗೆ ಇದನ್ನೂ ನೋಡಿದರೆ ತಪ್ಪೇನೂ ಇಲ್ಲ.

ಕೊಡಬಯಸುವವರಿಗೆ ಹೈದರಾಬಾದಿನಲ್ಲಿ ಜಾಗಕ್ಕೆ ಕೊರತೆಯಿಲ್ಲ. ಕಾಚಿಗುಡದ ಸುತ್ತಮುತ್ತ ಇರುವವರಿಗೆ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್, ವಿದ್ಯಾನಗರದ ರೆಡ್ ಕ್ರಾಸ್ ಎರಡೂ ಸಮೀಪ. ಜುಬಿಲಿ ಹಿಲ್ಸ್‌ನಲ್ಲಿ 1998ರಲ್ಲಿ ಆರಂಭವಾದ ಚಿರಂಜೀವಿ ರಕ್ತ ಕೇಂದ್ರ, ಬಂಜಾರಾ ಹಿಲ್ಸ್‌ನಲ್ಲಿ ಎನ್.ಟಿ.ಆರ್. ಟ್ರಸ್ಟ್‌ನ ಕೇಂದ್ರ ಇವೆ. ನಿಮ್ಸ್, ಗಾಂಧಿ, ಉಸ್ಮಾನಿಯಾ ಆಸ್ಪತ್ರೆಗಳಲ್ಲಿ ಅವುಗಳದೇ ಕೇಂದ್ರಗಳಿವೆ. ಯಾವ ಕೇಂದ್ರದಲ್ಲಿ ಯಾವ ಗುಂಪು ಎಷ್ಟಿದೆ ಎಂಬುದನ್ನು ಸರ್ಕಾರದ ಇ-ರಕ್ತಕೋಶ ಜಾಲತಾಣ ತೋರಿಸುತ್ತದೆ. ಊರಿನಿಂದ ಬಂದ ರೋಗಿಯ ಕಡೆಯವರಿಗೆ ಇದನ್ನು ತೋರಿಸಿಕೊಟ್ಟರೂ ಅರ್ಧ ಅಲೆದಾಟ ತಪ್ಪುತ್ತದೆ.

ಹೋಗುವಾಗ ಗುರುತಿನ ಚೀಟಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಕೈಯಲ್ಲಿರಲಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆಯಾಗಿರಲಿ. ರಾತ್ರಿ ಪಾಳಿಯ ಕೆಲಸ ಮುಗಿಸಿ ನೇರವಾಗಿ ಹೋಗಬೇಡಿ. ನಮ್ಮ ಸಂಘದ ದಾನಿಗಳ ಪಟ್ಟಿಗೆ ಹೆಸರು ಕೊಡುವವರು ರಕ್ತದ ಗುಂಪಿನೊಂದಿಗೆ, ಕಳೆದ ಸಲ ಕೊಟ್ಟ ದಿನಾಂಕವನ್ನೂ ಬರೆಯಬೇಕಾಗಿ ವಿನಂತಿ. ಆ ಒಂದು ದಿನಾಂಕವಿದ್ದರೆ ಸರಿರಾತ್ರಿಯಲ್ಲಿ ಹತ್ತು ಮನೆಗಳಿಗೆ ಕರೆ ಮಾಡುವ ಬದಲು ಎರಡಕ್ಕೆ ಮಾಡಿದರೆ ಸಾಕಾಗುತ್ತದೆ.